ಬೆಳ್ಳಗಿದ್ದದ್ದೆಲ್ಲ ಹತ್ತಿಯಲ್ಲ

ಜನವರಿ ತಿಂಗಳ ಒಂದು ಬೆಳಗು. ಮಾನ್ವಿ ಹತ್ತಿರದ ಹಳ್ಳಿಯೊಂದರಲ್ಲಿ ಮನೆಕಟ್ಟೆಯ ಮೇಲೆ ತಾತ, ಮೊಮ್ಮಗಳು ಮತ್ತು ನಾನು ಕೂತಿದ್ದೆವು. ಮೊಮ್ಮಗಳು ಆರನೇ ತರಗತಿಯವಳು. ಅಪ್ಪನ ಮೊಬೈಲಿನಲ್ಲಿ ಆಕಾಶದಿಂದ ತೆಗೆದ ಚಿತ್ರ ತೆರೆದುಕೊಂಡು ತಮ್ಮ ಹೊಲ ಎಲ್ಲಿದೆ ಎಂದು ಹುಡುಕುತ್ತಿದ್ದಳು. ಮೊದಲು ತುಂಗಭದ್ರಾ ಎಡದಂಡೆ ಕಾಲುವೆ ಸಿಕ್ಕಿತು. ಕಾಲುವೆ ಬದಿಯ ಗುಡಿ ಸಿಕ್ಕಿತು. ಗುಡಿಯಿಂದ ಬಲಕ್ಕೆ ಬೆರಳು ಸರಿಸಿದಾಗ ಹಸಿರು ಗದ್ದೆಗಳ ನಡುವೆ ಒಂದು ಬೆಳ್ಳನೆಯ ತೇಪೆ ಕಂಡಿತು.

"ತಾತಾ, ಇಲ್ನೋಡು! ನಮ್ಮ ಹೊಲದಾಗ ಹತ್ತಿ ಒಡದದ!"

ತಾತ ಕನ್ನಡಕ ಸರಿಮಾಡಿಕೊಂಡು ಬಗ್ಗಿ ನೋಡಿದರು. "ಆ ಮೂಲ್ಯಾಗ ನಾವು ಹತ್ತಿ ಹಾಕೇ ಇಲ್ಲವ್ವಾ. ನಡಿ, ತೋರಸ್ತೀನಿ" ಎಂದು ಎದ್ದರು.

ಮೂವರೂ ಹೊಲದ ಬದುವಿನ ಮೇಲೆ ನಡೆದೆವು. ಆ ಮೂಲೆಗೆ ಹೋಗಿ ನಿಂತಾಗ ಕಾಲ ಕೆಳಗೆ ನೆಲ ಹಪ್ಪಳದಂತೆ ಚುರುಚುರು ಎಂದಿತು. ಹುಡುಗಿ ಕೂತು ಬೆರಳಿನಿಂದ ಕೆರೆದಳು. ಬೆರಳ ತುದಿಗೆ ಬಿಳಿ ಪುಡಿ ಹತ್ತಿತು. ಅದು ಸವಳು. ಕಾಲುವೆಯ ನೀರು ಬಸಿದುಹೋಗಲು ದಾರಿ ಸಿಗದೆ ನೆಲದೊಳಗೇ ನಿಂತರೆ, ಮಣ್ಣಿನಾಳದ ಉಪ್ಪು ಅದರಲ್ಲಿ ಕರಗಿ ಮೇಲಕ್ಕೆ ಏರುತ್ತದೆ. ಬಿಸಿಲಿಗೆ ನೀರು ಆರಿಹೋಗುತ್ತದೆ, ಉಪ್ಪು ಉಳಿದುಬಿಡುತ್ತದೆ. ಅಲ್ಲಿ ಪೈರು ಬಾರದು. ಬದುವಿನ ಆಚೆ ಪಕ್ಕದವರ ಹೊಲದಲ್ಲಿ ನಿಜವಾದ ಹತ್ತಿ ಒಡೆದಿತ್ತು. ಅದೂ ಬಿಳಿ, ಇದೂ ಬಿಳಿ.

"ಮ್ಯಾಲಿಂದ ನೋಡಿದ್ರ ಎಲ್ಲಾ ಬೆಳ್ಳಗ. ಕೆಳಗ ಬಂದು ಕೆದರಿ ನೋಡಿದ್ರ ಗೊತ್ತಾಗ್ತದ" ಎಂದರು ತಾತ.

ಮಕ್ಕಳೇ, ತಾತ ಹೇಳಿದ ಈ ಮಾತನ್ನು ನೆನಪಿನಲ್ಲಿ ಇಟ್ಟುಕೊಳ್ಳಿ. ಇವತ್ತು ನಾನು ನಿಮಗೆ ಸಮುದ್ರದ ತಳದಲ್ಲಿರುವ ಹವಳದ ದಿಬ್ಬಗಳ ಕತೆ ಹೇಳಬೇಕೆಂದಿದ್ದೇನೆ. ನಮ್ಮ ರಾಯಚೂರಿನಿಂದ ಪೂರ್ವಕ್ಕೆ ಹೋದರೂ ಪಶ್ಚಿಮಕ್ಕೆ ಹೋದರೂ ಸಮುದ್ರ ಮುನ್ನೂರು ಕಿಲೊಮೀಟರಿಗೂ ಆಚೆ. ಆದರೆ ಹವಳದ ದಿಬ್ಬಗಳ ನಕ್ಷೆ ಮಾಡುವ ವಿಜ್ಞಾನಿಗಳ ಮುಂದೆ ದಿನವೂ ಬಂದು ನಿಲ್ಲುವ ಪ್ರಶ್ನೆ ಈ ಹುಡುಗಿಯ ಪ್ರಶ್ನೆಯೇ: ಮೇಲಿನಿಂದ ಬೆಳ್ಳಗೆ ಕಾಣುತ್ತಿದೆಯಲ್ಲ, ಅದು ಏನು?

ಜೋಳದ ಕಾಳಿನಷ್ಟು ಜೀವ

ಅಜ್ಜಿಯ ಕೊರಳಲ್ಲಿ ಕೆಂಪು ಹವಳದ ಸರ ನೋಡಿರುತ್ತೀರಿ. ಆ ಕೆಂಪು ಹವಳ ಹೆಚ್ಚಾಗಿ ಬರುವುದು ದೂರದ ಮೆಡಿಟರೇನಿಯನ್ ಸಮುದ್ರದಿಂದ. ದಿಬ್ಬ ಕಟ್ಟುವ ಹವಳಗಳು ಅದರ ದೂರದ ನೆಂಟರು. ಅವು ಇರುವುದು ಬೆಚ್ಚಗಿನ, ತಿಳಿನೀರಿನ, ಬಿಸಿಲು ತಳ ಮುಟ್ಟುವ ಸಮುದ್ರದಲ್ಲಿ.

ಹವಳ ಗಿಡವೂ ಅಲ್ಲ, ಕಲ್ಲೂ ಅಲ್ಲ. ಅದೊಂದು ಪ್ರಾಣಿ. ಜೋಳದ ಕಾಳಿನಷ್ಟೇ ಇರುವ ಮೆತ್ತನೆಯ ಪ್ರಾಣಿ. ಇದಕ್ಕೆ ಪಾಲಿಪ್ ಎನ್ನುತ್ತಾರೆ. ನಡುವೆ ಒಂದು ಬಾಯಿ, ಬಾಯಿಯ ಸುತ್ತ ಪುಟ್ಟ ಪುಟ್ಟ ಬೆರಳುಗಳು. ಈ ಜೀವ ಸಮುದ್ರದ ನೀರಿನಿಂದ ಸುಣ್ಣದ ಅಂಶ ಹೀರಿ ತನ್ನ ಅಡಿಯಲ್ಲಿ ಗಟ್ಟಿಯಾದ ಬಟ್ಟಲು ಕಟ್ಟಿಕೊಳ್ಳುತ್ತದೆ. ಸಾವಿರಾರು ಪಾಲಿಪ್‌ಗಳು ಒಂದಕ್ಕೊಂದು ಅಂಟಿಕೊಂಡು, ಹಳೆಯ ಬಟ್ಟಲಿನ ಮೇಲೆ ಹೊಸ ಬಟ್ಟಲು ಕಟ್ಟುತ್ತ ಹೋಗುತ್ತವೆ. ಗುಂಡಗೆ ಬೆಳೆಯುವ ಹವಳಗಳು ವರ್ಷಕ್ಕೆ ಒಂದು ಸೆಂಟಿಮೀಟರಿನ ಆಸುಪಾಸು ಎತ್ತರವಾಗುತ್ತವೆ, ಅಷ್ಟೆ. ಹೀಗೆ ಸಾವಿರಾರು ವರ್ಷ ಕಟ್ಟಿದ ಮೇಲೆ ದಿಬ್ಬವಾಗುತ್ತದೆ. ಗೆದ್ದಲು ಗೂಡಿನ ಮೇಲೆ ಗೂಡು ಕಟ್ಟಿ ಹುತ್ತವಾದಂತೆ.

ಹವಳಕ್ಕೆ ಬಣ್ಣ ಎಲ್ಲಿಂದ ಬಂತು? ಅದರ ಮೈಯೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿಗಳು ಬಾಡಿಗೆಗೆ ಇವೆ. ಪಾಚಿ ಬಿಸಿಲು ಹಿಡಿದು ಅಡುಗೆ ಮಾಡುತ್ತದೆ. ಮಾಡಿದ ಅಡುಗೆಯಲ್ಲಿ ದೊಡ್ಡ ಪಾಲನ್ನು ಮನೆಯೊಡೆಯನಾದ ಹವಳಕ್ಕೆ ಕೊಡುತ್ತದೆ. ಹವಳ ಅದಕ್ಕೆ ಇರಲು ಜಾಗ ಕೊಡುತ್ತದೆ. ಕಂದು, ಹಸಿರು, ಹಳದಿ ಛಾಯೆಗಳೆಲ್ಲ ಬಹುಮಟ್ಟಿಗೆ ಈ ಬಾಡಿಗೆದಾರರವು.

ನೀರು ಬಿಸಿಯಾದರೆ ಈ ಸಂಸಾರ ಕೆಡುತ್ತದೆ. ಹವಳ ತನ್ನ ಪಾಚಿಗಳನ್ನು ಹೊರಗೆ ಹಾಕುತ್ತದೆ. ಬಣ್ಣ ಹೋಗಿ, ಪಾರದರ್ಶಕ ಚರ್ಮದ ಕೆಳಗಿನ ಸುಣ್ಣದ ಎಲುಬು ಬೆಳ್ಳಗೆ ಕಾಣುತ್ತದೆ. ಇದನ್ನೇ ಹವಳ ಬಿಳುಚುವುದು ಎನ್ನುತ್ತಾರೆ. ಬಿಳುಚಿದ ಹವಳ ಇನ್ನೂ ಸತ್ತಿಲ್ಲ, ಹಸಿದಿದೆ. ಕೆಲವೇ ವಾರಗಳಲ್ಲಿ ನೀರು ತಣ್ಣಗಾದರೆ ಪಾಚಿಗಳು ಮರಳಿ ಬರುತ್ತವೆ, ಹವಳ ಚೇತರಿಸಿಕೊಳ್ಳುತ್ತದೆ. ಬಿಸಿ ಇಳಿಯದಿದ್ದರೆ ಹಸಿವಿನಿಂದ ಸಾಯುತ್ತದೆ.

ಸಮುದ್ರದ ತಳದಲ್ಲಿ ಹವಳದ ದಿಬ್ಬಗಳು ಹರಡಿರುವ ಜಾಗ ನೂರಕ್ಕೆ ಒಂದು ಪಾಲೂ ಇಲ್ಲ. ಆದರೆ ಸಮುದ್ರಜೀವಿಗಳ ಜಾತಿಗಳಲ್ಲಿ ಸುಮಾರು ಕಾಲುಭಾಗ ಬದುಕಿನ ಒಂದಲ್ಲ ಒಂದು ಹಂತದಲ್ಲಿ ಅಲ್ಲಿ ಆಸರೆ ಪಡೆಯುತ್ತವೆ. ದಡದತ್ತ ನುಗ್ಗಿ ಬರುವ ಅಲೆಯ ಬಲವನ್ನು ದಿಬ್ಬಗಳು ಬಹುಪಾಲು ಮುರಿದುಬಿಡುತ್ತವೆ. ದಿಬ್ಬ ಇಲ್ಲದೆ ಲಕ್ಷದ್ವೀಪದಂಥ ತಗ್ಗು ದ್ವೀಪಗಳು ಉಳಿಯಲಾರವು.

ಈಗ ಪ್ರಶ್ನೆಗೆ ಬನ್ನಿ. ಆಕಾಶದಿಂದ ನೋಡಿದಾಗ ತಿಳಿನೀಲಿ ನೀರಿನ ತಳದಲ್ಲಿ ಒಂದು ಬಿಳಿ ತೇಪೆ ಕಾಣುತ್ತದೆ. ಅದು ಬಿಳುಚಿದ ಹವಳ ಇರಬಹುದು. ಬರೀ ಬಿಳಿ ಮರಳೂ ಇರಬಹುದು. ಆ ಮರಳಿನದೂ ಒಂದು ಸೊಗಸಾದ ಕತೆ. ಗಿಳಿಯ ಕೊಕ್ಕಿನಂಥ ಹಲ್ಲಿರುವ ಗಿಳಿಮೀನು, ಹವಳದ ಬಂಡೆಯನ್ನು ಕಚ್ಚಿ, ಅರೆದು, ಅದರ ಮೇಲಿನ ಪಾಚಿ ತಿಂದು, ಉಳಿದದ್ದನ್ನು ನುಣ್ಣನೆಯ ಬಿಳಿ ಮರಳಾಗಿ ಹೊರಹಾಕುತ್ತದೆ. ದೊಡ್ಡ ಜಾತಿಯ ಒಂದೇ ಒಂದು ಮೀನು ವರ್ಷಕ್ಕೆ ನೂರಾರು ಕಿಲೊ ಮರಳು ಮಾಡಬಲ್ಲದು. ಹೊಲದಲ್ಲಿ ಹತ್ತಿಯೋ ಸವಳೋ ಎಂದಂತೆ, ಇಲ್ಲಿ ಮರಳೋ ಬಿಳುಚಿದ ಹವಳವೋ ಎಂದು ಕೇಳಬೇಕು. ಒಂದು ಆರೋಗ್ಯ, ಇನ್ನೊಂದು ಕಾಯಿಲೆ.

ಗುಂಟೆಯಷ್ಟರ ತೇಪೆ, ಸಮುದ್ರದಷ್ಟರ ಕೌದಿ

ಹಿಂದೆ ಹವಳದ ನಕ್ಷೆಯನ್ನು ಕೈಯಿಂದಲೇ ಬರೆಯುತ್ತಿದ್ದರು. ಚಾರ್ಲ್ಸ್ ಡಾರ್ವಿನ್ ಹೆಸರು ಕೇಳಿದ್ದೀರಿ. ಅವನು ಹಡಗಿನಲ್ಲಿ ಲೋಕ ಸುತ್ತಿ ಬಂದ ಮೇಲೆ 1842ರಲ್ಲಿ ಹವಳ ದಿಬ್ಬಗಳ ಬಗ್ಗೆ ಒಂದು ಪುಸ್ತಕ ಬರೆದ. ಅದರಲ್ಲಿ ಒಂದು ದೊಡ್ಡ ನಕ್ಷೆ. ಬಳೆಯಾಕಾರದ ದಿಬ್ಬಗಳಿಗೆ ಗಾಢ ನೀಲಿ, ದಡದಿಂದ ದೂರ ನಿಂತ ದಿಬ್ಬಗಳಿಗೆ ತಿಳಿ ನೀಲಿ, ದಡಕ್ಕೆ ಅಂಟಿದ ದಿಬ್ಬಗಳಿಗೆ ಕೆಂಪು ಬಣ್ಣ ಹಚ್ಚಿಸಿದ್ದ. ನಾವಿಕರ ನಕ್ಷೆಗಳನ್ನೂ ವರದಿಗಳನ್ನೂ ಒಂದೊಂದಾಗಿ ಓದಿ, ಹೋಲಿಸಿ ಮಾಡಿದ ಕೆಲಸ ಅದು.

ಇವತ್ತು ಆ ಬಣ್ಣ ತುಂಬುವ ಕೆಲಸಕ್ಕೆ ಉಪಗ್ರಹವೂ ಕಂಪ್ಯೂಟರೂ ಇವೆ. ಹೇಗೆ ಎಂದು ತಿಳಿಯಲು ಮನೆಯಲ್ಲಿರುವ ಕೌದಿಯನ್ನು ಹರಡಿ ನೋಡಿ. ಅಜ್ಜಿ ಹಳೆ ಸೀರೆ, ಅಂಗಿ, ಧೋತರದ ಚೂರುಗಳನ್ನು ಚೌಕ ಚೌಕವಾಗಿ ಜೋಡಿಸಿ ಹೊಲಿದ ಕೌದಿ. ಒಂದು ಚೌಕಕ್ಕೆ ಒಂದೇ ಬಣ್ಣ. ಉಪಗ್ರಹದ ಚಿತ್ರವೂ ಇಂಥ ಚೌಕಗಳ ಕೌದಿ. ಒಂದೊಂದು ಚೌಕವನ್ನು ಪಿಕ್ಸೆಲ್ ಎನ್ನುತ್ತಾರೆ.

ಯುರೋಪಿನ ಸೆಂಟಿನೆಲ್-2 ಉಪಗ್ರಹಗಳ ಚಿತ್ರದಲ್ಲಿ ಒಂದು ಚೌಕ ಅಂದರೆ ನೆಲದ ಮೇಲೆ 10 ಮೀಟರ್ ಉದ್ದ, 10 ಮೀಟರ್ ಅಗಲ. ಇದು ಎಷ್ಟು ಜಾಗ ಗೊತ್ತೇ? ನಿಮ್ಮ ತಾತನಿಗೆ ಕೇಳಿ. 33 ಅಡಿ ಉದ್ದ, 33 ಅಡಿ ಅಗಲ ಅಂದರೆ ಒಂದು ಗುಂಟೆ. ಅಂದರೆ ಆ ಉಪಗ್ರಹ ಭೂಮಿಯನ್ನು ಗುಂಟೆ ಗುಂಟೆಯಾಗಿ ನೋಡುತ್ತದೆ! ಒಂದು ಎಕರೆ ಹೊಲ ಅದಕ್ಕೆ ನಲವತ್ತು ಚೌಕ. ನಮ್ಮ ದೇಶದ ರಿಸೋರ್ಸ್‌ಸ್ಯಾಟ್ ಉಪಗ್ರಹದಲ್ಲಿರುವ ಒಂದು ಕ್ಯಾಮೆರಾ ಇನ್ನೂ ಸೂಕ್ಷ್ಮ. ಅದರ ಚೌಕದ ಒಂದು ಬದಿ 5.8 ಮೀಟರ್ ಮಾತ್ರ.

ಉಪಗ್ರಹ ಹೀಗೆ ಕಂಡದ್ದನ್ನು ಎಲ್ಲಿಗೆ ಕಳಿಸುತ್ತದೆ? ರಾಯಚೂರಿನಿಂದ ಹೈದರಾಬಾದಿಗೆ ಬಸ್ಸಿನಲ್ಲಿ ಹೋಗಿದ್ದರೆ, ಮಹಬೂಬನಗರ, ಜಡಚರ್ಲಾ ದಾಟಿದ ಮೇಲೆ ಶಾದನಗರ ಬಂದದ್ದು ನೆನಪಿರಬಹುದು. ಅಲ್ಲಿ ರಾಷ್ಟ್ರೀಯ ದೂರಸಂವೇದಿ ಕೇಂದ್ರದ ನೆಲೆಯಿದೆ. ನಮ್ಮ ಉಪಗ್ರಹಗಳು ತಲೆಯ ಮೇಲೆ ಹಾದುಹೋಗುವಾಗ ಕಳಿಸುವ ಚಿತ್ರಗಳನ್ನು ಅಲ್ಲಿನ ದೊಡ್ಡ ತಟ್ಟೆಯಂಥ ಆಂಟೆನಾಗಳು ಹಿಡಿದುಕೊಳ್ಳುತ್ತವೆ. ನಿಮ್ಮ ಬಸ್ಸು ಚಹಾಕ್ಕೆ ನಿಲ್ಲುವ ದಾರಿಯಲ್ಲೇ ಸಮುದ್ರದ ಚಿತ್ರಗಳೂ ಬಂದಿಳಿಯುತ್ತವೆ. ಅಹಮದಾಬಾದಿನಲ್ಲಿರುವ ಇಸ್ರೋದ ಬಾಹ್ಯಾಕಾಶ ಅನ್ವಯ ಕೇಂದ್ರದ ವಿಜ್ಞಾನಿಗಳು ಇಂಥ ಚಿತ್ರಗಳಿಂದಲೇ ಕಛ್ ಕೊಲ್ಲಿ, ಮನ್ನಾರ್ ಕೊಲ್ಲಿ, ಲಕ್ಷದ್ವೀಪ, ಅಂಡಮಾನ್ ಮತ್ತು ನಿಕೋಬಾರ್ ಹವಳ ದಿಬ್ಬಗಳ ನಕ್ಷೆ ಮಾಡಿದ್ದಾರೆ.

ನೀರು ನುಂಗುವ ಬಣ್ಣ

ನೆಲದ ಚಿತ್ರ ತೆಗೆಯುವುದು ಸುಲಭ. ನೀರಿನ ತಳದ ಚಿತ್ರ ಕಷ್ಟ. ಯಾಕೆಂದರೆ ನೀರು ಬೆಳಕನ್ನು ನುಂಗುತ್ತದೆ, ಅದೂ ಎಲ್ಲ ಬಣ್ಣಗಳನ್ನು ಒಂದೇ ಸಮ ನುಂಗುವುದಿಲ್ಲ. ಕೆಂಪು ಬೆಳಕು ಮೊದಲ ಕೆಲವೇ ಮೀಟರುಗಳಲ್ಲಿ ಮುಗಿದುಹೋಗುತ್ತದೆ. ಹಸಿರು ಇನ್ನಷ್ಟು ಕೆಳಗೆ ಇಳಿಯುತ್ತದೆ. ತಿಳಿಯಾದ ಸಮುದ್ರದಲ್ಲಿ ಎಲ್ಲಕ್ಕಿಂತ ಆಳಕ್ಕೆ ಹೋಗುವುದು ನೀಲಿ. ಆಳದ ಸಮುದ್ರ ನೀಲಿಯಾಗಿ ಕಾಣಲು ಇದೂ ಕಾರಣ.

ವಿಜ್ಞಾನಿಗಳು ಈ ತೊಡಕನ್ನೇ ಅಳತೆಗೋಲು ಮಾಡಿಕೊಂಡರು. ಒಂದು ಚೌಕದಿಂದ ಹಸಿರು ಎಷ್ಟು ಮರಳಿ ಬಂತು, ನೀಲಿ ಎಷ್ಟು ಮರಳಿ ಬಂತು ಎಂದು ಹೋಲಿಸಿದರೆ, ಅಲ್ಲಿ ನೀರು ಎಷ್ಟು ಆಳವಿದೆ ಎಂದು ಅಂದಾಜು ಸಿಗುತ್ತದೆ. ಆಳ ಗೊತ್ತಾದ ಮೇಲೆ ನೀರು ಕದ್ದ ಬಣ್ಣವನ್ನು ಲೆಕ್ಕಹಾಕಿ ವಾಪಸ್ಸು ಸೇರಿಸುತ್ತಾರೆ. ಆಗ ತಳದ ನಿಜವಾದ ಹೊಳಪು ತಿಳಿಯುತ್ತದೆ: ಇದು ಮರಳು, ಇದು ಸಮುದ್ರದ ಹುಲ್ಲು, ಇದು ಹವಳ ಅಥವಾ ಪಾಚಿ.

ನೀರು ತಿಳಿಯಾಗಿದ್ದರೆ ಮಾತ್ರ ಇದು ಸಾಧ್ಯ. ದೇವದುರ್ಗದ ಮಕ್ಕಳಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಆಗಸ್ಟಿನಲ್ಲಿ ಕೃಷ್ಣೆ ಕೆಂಪಗೆ ತುಂಬಿ ಹರಿಯುವಾಗ ಮೊಣಕಾಲುದ್ದದ ನೀರಿನಲ್ಲೂ ಪಾದ ಕಾಣದು. ಚಳಿಗಾಲದಲ್ಲಿ ಅದೇ ನದಿಯ ದಡದಲ್ಲಿ ತಳದ ಹರಳುಗಳನ್ನು ಎಣಿಸಬಹುದು. ಉಪಗ್ರಹದ ಪಾಡೂ ಅದೇ. ಮೋಡ, ಕೆಸರು, ಅಲೆಯ ಥಳಥಳ ಮೂರೂ ಇಲ್ಲದ ದಿನಕ್ಕಾಗಿ ಅದು ಮತ್ತೆ ಮತ್ತೆ ಅದೇ ಜಾಗವನ್ನು ನೋಡುತ್ತಲೇ ಇರಬೇಕು.

ಹೀಗೆ ನೋಡಿ ನೋಡಿ 2021ರಲ್ಲಿ ಒಂದು ದೊಡ್ಡ ಕೆಲಸ ಮುಗಿಯಿತು. ಭೂಮಿಯ ಮೇಲಿನ ಆಳವಿಲ್ಲದ ಹವಳ ದಿಬ್ಬಗಳ ನಕ್ಷೆ ಒಂದೇ ಕಡೆ ಸಿದ್ಧವಾಯಿತು. ಅದರ ಹೆಸರು ಅಲೆನ್ ಕೋರಲ್ ಅಟ್ಲಾಸ್. ಇದಕ್ಕೆ ಚಿತ್ರ ಒದಗಿಸಿದ ಉಪಗ್ರಹಗಳಲ್ಲಿ ಬಹಳಷ್ಟು ಒಂದು ಬೂಟಿನ ಪೆಟ್ಟಿಗೆಯಷ್ಟೇ ದೊಡ್ಡವು. ಅಂಥವು ಸಾಲುಗಟ್ಟಿ ಭೂಮಿಯನ್ನು ಸುತ್ತುತ್ತವೆ. ಈ ಅಟ್ಲಾಸನ್ನು ಯಾರು ಬೇಕಾದರೂ ದುಡ್ಡು ಕೊಡದೆ ನೋಡಬಹುದು. ರಾಯಚೂರಿನ ಶಾಲೆಯ ಕಂಪ್ಯೂಟರಿನಲ್ಲಿ ಕೂತು ಲಕ್ಷದ್ವೀಪದ ಕಡಮತ್ ದ್ವೀಪದ ಸುತ್ತ ಎಲ್ಲಿ ಹವಳವಿದೆ, ಎಲ್ಲಿ ಮರಳಿದೆ ಎಂದು ನೀವೂ ನೋಡಬಹುದು.

ಕಡಮತ್ ನಮಗೆ ಪೂರ್ತಿ ಪರಸ್ಥಳವಲ್ಲ. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರ ದ್ವೀಪಗಳು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದವು. ಇವತ್ತಿಗೂ ಮಂಗಳೂರಿನ ಹಳೆಯ ಬಂದರಿನಿಂದ ಅಕ್ಕಿ, ತರಕಾರಿ, ಮನೆ ಕಟ್ಟುವ ಸಾಮಾನು ಹೊತ್ತು ಮಂಜಿ ಎಂಬ ಸರಕು ದೋಣಿಗಳು ಲಕ್ಷದ್ವೀಪಕ್ಕೆ ಹೋಗುತ್ತವೆ.

ಸಮುದ್ರಕ್ಕೆ ಜ್ವರ ಬಂದಾಗ

ನಮ್ಮೂರ ಬೇಸಿಗೆ ಹೇಗಿರುತ್ತದೆ ನಿಮಗೆ ಗೊತ್ತು. ಮೇ ತಿಂಗಳಲ್ಲಿ 42, 43 ಡಿಗ್ರಿ ಬಿಸಿಲು. ಹಾಗಾಗಿ "ಸಮುದ್ರದ ನೀರು ಒಂದು ಡಿಗ್ರಿ ಬಿಸಿಯಾಯಿತು" ಎಂದರೆ ನಮಗೆ ಏನೂ ಅನ್ನಿಸುವುದಿಲ್ಲ. ಆದರೆ ನಿಮ್ಮ ಮೈಯ ಬಿಸಿ 37 ಡಿಗ್ರಿಯಿಂದ 38ಕ್ಕೆ ಏರಿದರೆ ಅವ್ವ ಹಣೆ ಮುಟ್ಟಿ ನೋಡಿ ಶಾಲೆ ಬಿಡಿಸುತ್ತಾಳೆ. ಹವಳಕ್ಕೂ ಒಂದು ಡಿಗ್ರಿ ಅಂದರೆ ಜ್ವರವೇ.

ಆ ಜ್ವರ ನೋಡುವ ಒಂದು ಕಚೇರಿ ಹೈದರಾಬಾದಿನಲ್ಲಿದೆ. ಅದರ ಹೆಸರು ಭಾರತೀಯ ರಾಷ್ಟ್ರೀಯ ಸಾಗರ ಮಾಹಿತಿ ಸೇವೆಗಳ ಕೇಂದ್ರ. ಎಲ್ಲರೂ ಇನ್‌ಕಾಯ್ಸ್ ಎಂದು ಕರೆಯುತ್ತಾರೆ. ಹೈದರಾಬಾದಿನಲ್ಲೂ ಸಮುದ್ರವಿಲ್ಲ, ನಮ್ಮಂತೆ ಅದೂ ದಖ್ಖನದ ಬಂಡೆಗಳ ಊರು. ಆದರೂ ಸುನಾಮಿಯ ಎಚ್ಚರಿಕೆ ದೇಶಕ್ಕೆ ಅಲ್ಲಿಂದಲೇ ಹೋಗುತ್ತದೆ. ಮೀನು ಎಲ್ಲಿ ಸಿಗಬಹುದು ಎಂಬ ಸುದ್ದಿ ಮೀನುಗಾರರಿಗೆ ಅಲ್ಲಿಂದಲೇ ಹೋಗುತ್ತದೆ. 2011ರಿಂದ ಹವಳ ಬಿಳುಚುವ ಅಪಾಯದ ಮುನ್ಸೂಚನೆಯೂ ಅಲ್ಲಿಂದ ಹೊರಡುತ್ತದೆ. ಸಮುದ್ರವನ್ನು ಕಾಯಲು ಸಮುದ್ರದ ದಡದಲ್ಲೇ ಹುಟ್ಟಬೇಕೆಂದಿಲ್ಲ ಎನ್ನುವುದಕ್ಕೆ ಇದಕ್ಕಿಂತ ಹತ್ತಿರದ ಸಾಕ್ಷಿ ನಮಗೆ ಬೇಕೆ?

ಲೆಕ್ಕ ಹೀಗೆ. ಉಪಗ್ರಹಗಳು ಸಮುದ್ರದ ಮೇಲ್ಮೈ ಎಷ್ಟು ಬಿಸಿಯಿದೆ ಎಂದು ಅಳೆಯುತ್ತವೆ. ಒಂದು ದಿಬ್ಬದ ಬಳಿ ಎಂದಿನ ಬೇಸಿಗೆಯ ಅತಿ ಬಿಸಿ ತಿಂಗಳಲ್ಲಿ ಇರುವ ಸರಾಸರಿಗಿಂತ ಈಗ ಎಷ್ಟು ಹೆಚ್ಚಿದೆ ಎಂದು ನೋಡುತ್ತಾರೆ. ಒಂದು ಡಿಗ್ರಿ ಹೆಚ್ಚು ಬಿಸಿ ಒಂದು ವಾರ ಇದ್ದರೆ ಒಂದು ಅಂಕ. ಎರಡು ಡಿಗ್ರಿ ಹೆಚ್ಚು ಬಿಸಿ ಒಂದು ವಾರ ಇದ್ದರೆ ಎರಡು ಅಂಕ. ವಾರದಿಂದ ವಾರಕ್ಕೆ ಅಂಕ ಕೂಡುತ್ತ ಹೋಗುತ್ತಾರೆ. ಒಟ್ಟು ನಾಲ್ಕು ಮುಟ್ಟಿದರೆ ಹವಳ ಬಿಳುಚುವ ಸಂಭವ ಹೆಚ್ಚು. ಎಂಟು ಮುಟ್ಟಿದರೆ ಹವಳ ಸಾಯುವ ಭಯ. ನಕ್ಷೆಯ ಮೇಲೆ ಇದನ್ನು ಬಣ್ಣ ಬಣ್ಣವಾಗಿ ತೋರಿಸುತ್ತಾರೆ. ಆ ನಕ್ಷೆ ಒಂದು ಬಗೆಯಲ್ಲಿ ಸಮುದ್ರದ ಹಣೆ ಮುಟ್ಟಿ ನೋಡಿದ ಕೈ.

ಸಮುದ್ರಕ್ಕೆ ಜ್ವರ ಯಾಕೆ ಬರುತ್ತದೆ? ಕಲ್ಲಿದ್ದಲು, ಪೆಟ್ರೋಲು, ಡೀಸೆಲ್ಲು ಉರಿಸಿದಾಗ ಹೊರಬರುವ ಇಂಗಾಲದ ಡೈಆಕ್ಸೈಡು ಭೂಮಿಗೆ ಕಂಬಳಿ ಹೊದಿಸಿದಂತೆ ಬಿಸಿಯನ್ನು ಹಿಡಿದಿಡುತ್ತದೆ. ಹೀಗೆ ಹೆಚ್ಚಾದ ಬಿಸಿಯಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಪಾಲನ್ನು ಸಮುದ್ರ ತನ್ನೊಳಗೆ ತೆಗೆದುಕೊಂಡಿದೆ. ಶಕ್ತಿನಗರದ ಎತ್ತರದ ಚಿಮಣಿಗಳನ್ನು ನೀವು ಕೃಷ್ಣಾ ಸೇತುವೆ ದಾಟುವಾಗ ನೋಡಿದ್ದೀರಿ. ನಮ್ಮ ಮನೆಯ ಫ್ಯಾನು ತಿರುಗುವುದರಲ್ಲಿ ಅಂಥ ಕಡೆ ಉರಿಯುವ ಕಲ್ಲಿದ್ದಲಿನ ಪಾಲೂ ಇದೆ. ಆದ್ದರಿಂದ ಯಾರೂ ಇಲ್ಲದ ಕೋಣೆಯ ಫ್ಯಾನು ಆರಿಸಿದರೆ, ಸಣ್ಣದಾದರೂ ನಿಜವಾದ ಒಂದು ಸಹಾಯ ದೂರದ ಹವಳಕ್ಕೆ ಸಲ್ಲುತ್ತದೆ.

1998, 2010, 2016ರಲ್ಲಿ ಲಕ್ಷದ್ವೀಪದ ಹವಳಗಳು ದೊಡ್ಡ ಪ್ರಮಾಣದಲ್ಲಿ ಬಿಳುಚಿದವು. 2024ರ ಏಪ್ರಿಲ್‌ನಲ್ಲಿ ವಿಜ್ಞಾನಿಗಳು ಇಡೀ ಲೋಕದ ಹವಳಗಳು ನಾಲ್ಕನೇ ಬಾರಿ ಒಟ್ಟಾಗಿ ಬಿಳುಚುತ್ತಿವೆ ಎಂದು ಸಾರಿದರು.

ಕೆಳಗೆ ಬಂದು ನೋಡಿದಾಗ

ಇಲ್ಲಿಯವರೆಗೆ ಮೇಲಿನಿಂದ ನೋಡಿದೆವು. ಈಗ ತಾತನ ಹಾಗೆ ಬದು ಇಳಿಯೋಣ.

ಉಪಗ್ರಹದ ಚೌಕ ಒಂದು ಗುಂಟೆ. ಆ ಗುಂಟೆಯೊಳಗೆ ಹತ್ತು ಜಾತಿಯ ಹವಳ ಇದ್ದರೂ ಚಿತ್ರದಲ್ಲಿ ಒಂದೇ ಬಣ್ಣ. ಇನ್ನೊಂದು ಮೋಸವೂ ಇದೆ. ಸತ್ತ ಹವಳ ಬಹಳ ದಿನ ಬೆಳ್ಳಗೆ ಉಳಿಯುವುದಿಲ್ಲ. ಅದರ ಮೇಲೆ ಬೇರೆ ಪಾಚಿ ಬೆಳೆದು ಕಂದುಹಸಿರಾಗುತ್ತದೆ. ಮೇಲಿನಿಂದ ನೋಡಿದರೆ ಮತ್ತೆ ಆರೋಗ್ಯವಂತ ಹವಳದಂತೆಯೇ ಕಾಣುತ್ತದೆ! ಬಿಳಿಯೂ ಮೋಸ ಮಾಡುತ್ತದೆ, ಹಸಿರೂ ಮೋಸ ಮಾಡುತ್ತದೆ. ಅದಕ್ಕೇ ಯಾರಾದರೂ ನೀರಿಗೆ ಇಳಿಯಲೇಬೇಕು.

ನಮ್ಮ ಮೈಸೂರಿನಲ್ಲಿ ನೆಲೆಯಿರುವ ನೇಚರ್ ಕನ್ಸರ್ವೇಶನ್ ಫೌಂಡೇಶನ್ ಎಂಬ ಸಂಸ್ಥೆಯ ವಿಜ್ಞಾನಿಗಳು ಇದೇ ಕೆಲಸ ಮಾಡುತ್ತ ಬಂದಿದ್ದಾರೆ. ರೋಹನ್ ಆರ್ಥರ್ ಮತ್ತು ಅವರ ಜೊತೆಗಾರರು ಲಕ್ಷದ್ವೀಪದ ಅಗತ್ತಿ, ಕಡಮತ್, ಕವರತ್ತಿ ದ್ವೀಪಗಳ ದಿಬ್ಬಗಳಿಗೆ ವರ್ಷ ವರ್ಷ ಮರಳಿ ಹೋಗಿ, ನೀರಿಗಿಳಿದು, ತಳದಲ್ಲಿ ಎಷ್ಟು ಜಾಗವನ್ನು ಜೀವಂತ ಹವಳ ಮುಚ್ಚಿದೆ ಎಂದು ಲೆಕ್ಕ ಇಟ್ಟರು. ಒಂದು ವರ್ಷವಲ್ಲ, ಎರಡು ವರ್ಷವಲ್ಲ, 24 ವರ್ಷ. ಅವರ ಲೆಕ್ಕ ಹೇಳುವುದೇನು? 1998ರಲ್ಲಿ ನೂರು ಚೌಕದಲ್ಲಿ ಸುಮಾರು 37 ಚೌಕ ಜೀವಂತ ಹವಳವಿದ್ದರೆ, 2022ರ ಹೊತ್ತಿಗೆ ಅದು 20ಕ್ಕೂ ಕೆಳಗೆ ಇಳಿದಿತ್ತು. ಹೆಚ್ಚುಕಡಿಮೆ ಅರ್ಧ ಹೋಯಿತು.

ಅದೇ ಲೆಕ್ಕದಲ್ಲಿ ಒಂದು ಸಮಾಧಾನದ ಮಾತೂ ಇದೆ. ನಡುವೆ ಜ್ವರ ಬಾರದೆ ಆರು ವರ್ಷ ಬಿಡುವು ಸಿಕ್ಕರೆ ಹವಳ ಚುರುಕಾಗಿ ಚೇತರಿಸಿಕೊಳ್ಳುತ್ತದೆ ಎಂದು ಅವರು ಕಂಡರು. ಹವಳ ಬದುಕಲು ಹಟ ಹಿಡಿದಿದೆ. ಅದಕ್ಕೆ ಬೇಕಾದದ್ದು ಸಮಯ.

ನೀರೊಳಗೆ ಎಣಿಸುವುದು ಹೇಗೆ? ತಳದ ಮೇಲೆ ಅಳತೆ ಪಟ್ಟಿ ಹಾಸುತ್ತಾರೆ. ಪಟ್ಟಿಯ ಪಕ್ಕದಲ್ಲಿ ಒಂದು ಮೀಟರ್ ಚೌಕದ ಚೌಕಟ್ಟು ಇಟ್ಟು ಫೋಟೊ ತೆಗೆಯುತ್ತಾರೆ. ಆಮೇಲೆ ಆ ಚೌಕದೊಳಗೆ ಎಷ್ಟು ಹವಳ, ಎಷ್ಟು ಪಾಚಿ, ಎಷ್ಟು ಬರೀ ಬಂಡೆ ಎಂದು ಎಣಿಸುತ್ತಾರೆ. ಈಚೆಗೆ ಇನ್ನೊಂದು ಉಪಾಯವೂ ಬಂದಿದೆ. ಈಜುತ್ತ ಒಂದರ ಮೇಲೊಂದು ಹಾಯುವಂತೆ ನೂರಾರು ಫೋಟೊ ತೆಗೆಯುತ್ತಾರೆ. ಎರಡು ಕಣ್ಣು ಎರಡು ಕೋನದಿಂದ ನೋಡಿ ನಮಗೆ ಆಳ ತಿಳಿಸುವಂತೆ, ಕಂಪ್ಯೂಟರ್ ಆ ಫೋಟೊಗಳನ್ನೆಲ್ಲ ಹೋಲಿಸಿ ದಿಬ್ಬದ ಉಬ್ಬುತಗ್ಗುಗಳ ಸಮೇತ ಪ್ರತಿರೂಪ ಕಟ್ಟುತ್ತದೆ. ಮುಂದಿನ ವರ್ಷ ಅದೇ ಜಾಗದ ಪ್ರತಿರೂಪ ಮಾಡಿ ಪಕ್ಕಪಕ್ಕ ಇಟ್ಟರೆ ಯಾವ ಕೊಂಬೆ ಬೆಳೆಯಿತು, ಯಾವುದು ಮುರಿಯಿತು ಎಂದು ಬೆರಳಿಟ್ಟು ತೋರಿಸಬಹುದು.

ಕಂಪ್ಯೂಟರಿಗೂ ಪಾಠ ಬೇಕು. ಇದು ಹವಳ, ಇದು ಮರಳು ಎಂದು ಮನುಷ್ಯರು ಸಾವಿರಾರು ಸಲ ತೋರಿಸಿಕೊಟ್ಟ ಮೇಲೆ ಅದು ತಾನೇ ಗುರುತಿಸಲು ಕಲಿಯುತ್ತದೆ. 2020ರಲ್ಲಿ ಅಮೆರಿಕದ ನಾಸಾ ಸಂಸ್ಥೆ ಇದಕ್ಕಾಗಿಯೇ ನೀಮೊ-ನೆಟ್ ಎಂಬ ಆಟ ಮಾಡಿತು. ಆಟ ಆಡುವವರು ಹವಳದ ಚಿತ್ರಗಳಿಗೆ ಬಣ್ಣ ಹಚ್ಚಬೇಕು. ಹಚ್ಚಿದ ಬಣ್ಣವೇ ಕಂಪ್ಯೂಟರಿಗೆ ಪಾಠ. ಮಕ್ಕಳೂ ಅದರಲ್ಲಿ ಪಾಠ ಹೇಳುವ ಮೇಷ್ಟ್ರಾಗಬಹುದಿತ್ತು.

ನಕ್ಷೆ ಸಿಕ್ಕ ಮೇಲೆ

ನಕ್ಷೆಯಿಂದ ಹವಳಕ್ಕೆ ಏನು ಸಿಕ್ಕಿತು? ಹವಳ ಎಲ್ಲಿದೆ ಎಂದು ಗೊತ್ತಾದರೆ ದೋಣಿಯವರಿಗೆ "ಇಲ್ಲಿ ಲಂಗರು ಹಾಕಬೇಡಿ, ಅಲ್ಲಿ ಮರಳಿದೆ, ಅಲ್ಲಿ ಹಾಕಿ" ಎಂದು ಹೇಳಬಹುದು. ಒಂದು ಲಂಗರು ನೂರು ವರ್ಷ ಬೆಳೆದ ಹವಳವನ್ನು ಕ್ಷಣದಲ್ಲಿ ಮುರಿಯಬಲ್ಲದು. ಬಿಸಿ ಬಂದಾಗಲೂ ಬಿಳುಚದೆ ನಿಂತ ದಿಬ್ಬಗಳನ್ನು ಗುರುತಿಸಿ ಅವನ್ನು ಮೊದಲು ಕಾಪಾಡಬಹುದು. ದಡದಲ್ಲಿ ಏನಾದರೂ ಕಟ್ಟುವ ಮುಂಚೆ ಕೆಸರು ಎತ್ತ ಹರಿದುಹೋಗುತ್ತದೆ ಎಂದು ನೋಡಬಹುದು. ದಿಬ್ಬ ಕಟ್ಟುವ ಹವಳಗಳಿಗೆ ನಮ್ಮ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಹುಲಿಯಷ್ಟೇ ಎತ್ತರದ ಸ್ಥಾನವಿದೆ. ಅವನ್ನು ಕೀಳುವುದು, ಮಾರುವುದು ಅಪರಾಧ. ಪ್ರವಾಸಕ್ಕೆ ಹೋದಾಗ ಯಾರಾದರೂ ಹವಳದ ತುಂಡು ಮಾರಲು ಬಂದರೆ ಬೇಡ ಎನ್ನಿ.

ನಮ್ಮ ರಾಜ್ಯದಲ್ಲೂ ಹವಳವಿದೆ. ಭಟ್ಕಳ ತಾಲ್ಲೂಕಿನ ಮುರುಡೇಶ್ವರದಿಂದ ದೋಣಿಯಲ್ಲಿ ಸುಮಾರು 19 ಕಿಲೊಮೀಟರ್ ಹೋದರೆ ನೇತ್ರಾಣಿ ಎಂಬ ಪುಟ್ಟ ದ್ವೀಪ. ಅಲ್ಲಿನ ನೀರೊಳಗಿನ ಬಂಡೆಗಳಿಗೆ ಅಂಟಿಕೊಂಡು ಹವಳಗಳು ಬೆಳೆದಿವೆ. ಗಿಳಿಮೀನುಗಳು, ಚಿಟ್ಟೆಮೀನುಗಳು ಅವುಗಳ ನಡುವೆ ಓಡಾಡುತ್ತವೆ. ದ್ವೀಪದ ಮೇಲೆ ಬಿಳಿಹೊಟ್ಟೆಯ ಕಡಲ ಹದ್ದುಗಳು ಗೂಡು ಕಟ್ಟುತ್ತವೆ. ಲಕ್ಷದ್ವೀಪದ ದಿಬ್ಬಗಳ ಹಾಗೆ ಅವು ಉಪಗ್ರಹಕ್ಕೆ ಬಳೆಯಾಗಿ ಕಾಣುವಷ್ಟು ದೊಡ್ಡವಲ್ಲ. ಅಲ್ಲಿ ನೀರಿಗಿಳಿದು ನೋಡುವ ಕಣ್ಣೇ ದೊಡ್ಡ ಉಪಕರಣ. ಹಾಗೆ ಇಳಿದಾಗ ಒಂದೇ ನಿಯಮ: ಕಣ್ಣಿಂದ ನೋಡಬೇಕು, ಕೈಯಿಂದ ಮುಟ್ಟಬಾರದು.

ನೀವೂ ನಕ್ಷೆ ಮಾಡಿ

ಈಗ ನಿಮ್ಮ ಸರದಿ. ಒಂದು ಮೀಟರ್ ಉದ್ದದ ನಾಲ್ಕು ಕೋಲು ತೆಗೆದುಕೊಂಡು ಚೌಕಟ್ಟು ಕಟ್ಟಿ. ಒಳಗೆ ದಾರ ಎಳೆದು ಉದ್ದಕ್ಕೆ ಹತ್ತು, ಅಡ್ಡಕ್ಕೆ ಹತ್ತು, ಒಟ್ಟು ನೂರು ಮನೆ ಮಾಡಿ. ಶಾಲೆಯ ಅಂಗಳದಲ್ಲೋ ಹೊಲದಲ್ಲೋ ಅದನ್ನು ಇಟ್ಟು, ಎಷ್ಟು ಮನೆಯಲ್ಲಿ ಹುಲ್ಲಿದೆ, ಎಷ್ಟರಲ್ಲಿ ಬರೀ ಮಣ್ಣಿದೆ, ಎಷ್ಟರಲ್ಲಿ ಕಲ್ಲಿದೆ ಎಣಿಸಿ ಬರೆಯಿರಿ. ಲಕ್ಷದ್ವೀಪದ ನೀರಿನಡಿ ನಡೆಯುವ ಕೆಲಸವೂ ಇದೇ ಬಗೆಯದು.

ರಾಯಚೂರು ನಗರದ ಮಕ್ಕಳು ದೊಡ್ಡವರೊಬ್ಬರನ್ನು ಕರೆದುಕೊಂಡು ಕೋಟೆಯ ಗುಡ್ಡ ಹತ್ತಿ. ಮೇಲಿನಿಂದ ಮಾವಿನಕೆರೆಯನ್ನು ನೋಡಿ, ಎಲ್ಲಿ ಹಸಿರು, ಎಲ್ಲಿ ಬೂದು ಎಂದು ಹಾಳೆಯ ಮೇಲೆ ಗುರುತು ಮಾಡಿ. ಆಮೇಲೆ ಕೆಳಗಿಳಿದು ದಡದಿಂದಲೇ ನೋಡಿ: ಆ ಹಸಿರು ಪಾಚಿಯೋ, ಜೊಂಡೋ, ಮರದ ನೆರಳೋ? ನಿಮ್ಮ ಊಹೆಗಳಲ್ಲಿ ಎಷ್ಟು ಸರಿಯಾದವು ಎಂದು ಬರೆದಿಡಿ. ದೇವದುರ್ಗದವರು ಕಂಪ್ಯೂಟರಿನಲ್ಲಿ ಕೃಷ್ಣೆಯ ಬೇಸಿಗೆಯ ಚಿತ್ರವನ್ನೂ ಮಳೆಗಾಲದ ನಂತರದ ಚಿತ್ರವನ್ನೂ ಪಕ್ಕಪಕ್ಕ ಇಟ್ಟು, ನಡುಗಡ್ಡೆ ಎಷ್ಟು ಮುಳುಗಿತು, ಮರಳು ಎಲ್ಲಿಂದ ಎಲ್ಲಿಗೆ ಸರಿಯಿತು ಎಂದು ಹುಡುಕಿ. ಊರಿನ ಹಿರಿಯರಿಗೆ ಅದನ್ನು ತೋರಿಸಿ. ಉಪಗ್ರಹಕ್ಕೆ ಗೊತ್ತಿಲ್ಲದ ಎಷ್ಟೋ ಹೆಸರುಗಳನ್ನು ಅವರು ಹೇಳುತ್ತಾರೆ.

ಕೊನೆಗೆ ಮಾನ್ವಿಯ ಆ ಹೊಲಕ್ಕೆ ಬರೋಣ. ಅವತ್ತು ಹುಡುಗಿ ಮನೆಗೆ ಓಡಿಹೋಗಿ ನೋಟ್‌ಬುಕ್ಕು ತಂದಳು. ಸವಳಿನ ತೇಪೆಯ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಹೆಜ್ಜೆ ಹಾಕಿ ಎಣಿಸಿದಳು. ಹದಿನಾಲ್ಕು ಹೆಜ್ಜೆ. ಅಡ್ಡಕ್ಕೆ ಒಂಬತ್ತು. ಹೊಲದ ಚಿತ್ರ ಬರೆದು, ಮೂಲೆಗೆ ಬಣ್ಣ ಬಿಟ್ಟು, ಪಕ್ಕದಲ್ಲಿ ತಾರೀಖು ಹಾಕಿದಳು. ತಾತ ಈ ವರ್ಷ ಆ ಅಂಚಿನಲ್ಲಿ ಬಸಿಗಾಲುವೆ ತೋಡಿಸಬೇಕೆಂದಿದ್ದರು. ನಿಂತ ನೀರು ಬಸಿದುಹೋದರೆ ಉಪ್ಪೂ ಅದರ ಜೊತೆ ಹೋಗುತ್ತದೆ, ನೆಲ ನಿಧಾನವಾಗಿ ಮತ್ತೆ ಪೈರಿಗೆ ಬರುತ್ತದೆ.

"ಮುಂದಿನ ಸಂಕ್ರಾಂತಿಗೆ ಮತ್ತ ಎಣಸ್ತೀನಿ ತಾತಾ" ಎಂದಳು.

"ಎಣಸವ್ವಾ. ಹನ್ನೆರಡು ಹೆಜ್ಜಿಗೆ ಬಂದ್ರ ನನಗ ಮೊದಲು ಹೇಳು" ಎಂದರು ತಾತ.